ಕಾಯದ ದಾಸೋಹ: ದಾನದ ಅಂಗವನ್ನು ಕಾಪಿಡುವ ವಿಚಾರ



ದೇಹವು ಅನಿತ್ಯವೆಂಬುದನ್ನು ನಮ್ಮ ಹಿರಿಯರು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟು ಬಗೆಯಲ್ಲಿ ಹೇಳಿಹೋಗಿದ್ದಾರೆ. ಕಾಯಕ ಉಳಿಯುತ್ತದೆ, ದಾಸೋಹ ಉಳಿಯುತ್ತದೆ, ಸತ್ಕೀರ್ತಿ ಉಳಿಯುತ್ತದೆ. ದೇಹ ಮಾತ್ರ ಮಣ್ಣಿನದು, ಮಣ್ಣಿಗೇ ಸೇರತಕ್ಕದ್ದು ಎಂಬ ತಿಳಿವಳಿಕೆ ನಮ್ಮ ಮನೆಮನೆಯಲ್ಲಿಯೂ ಇದೆ. ಆದರೆ ದೇಹವು ಒಮ್ಮೆಗೇ ಅಳಿಯುವುದಿಲ್ಲವೆಂಬುದನ್ನು ಈ ಕಾಲದ ವೈದ್ಯಶಾಸ್ತ್ರವು ತೋರಿಸಿಕೊಟ್ಟಿದೆ. ಉಸಿರು ನಿಂತ ಬಳಿಕವೂ ಒಂದೊಂದು ಅಂಗವು ತನಗೆ ತಕ್ಕ ಗಡುವಿನವರೆಗೆ ಜೀವದ ಕಳೆಯನ್ನು ಹಿಡಿದುಕೊಂಡಿರುತ್ತದೆ. ಆ ಗಡುವಿನೊಳಗೆ ಅದನ್ನು ಕಾಪಿಟ್ಟು ಮತ್ತೊಬ್ಬರ ದೇಹಕ್ಕೆ ಸೇರಿಸಿದರೆ ಅಲ್ಲಿ ಅದು ಮರಳಿ ಕಾಯಕಕ್ಕೆ ತೊಡಗುತ್ತದೆ. ಗಡುವು ಮೀರಿದರೆ ಕೊಡಬೇಕೆಂಬ ಮನಸ್ಸು ಎಷ್ಟೇ ದೊಡ್ಡದಿದ್ದರೂ ಪ್ರಯೋಜನವಿಲ್ಲ.

ಈಚಿನ ವರ್ಷಗಳಲ್ಲಿ ನಮ್ಮನ್ನು ಕಾಣಬರುವ ಗೃಹಸ್ಥರು ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ತೆಗೆದ ಅಂಗವು ಕೆಡದೆ ಹೇಗೆ ಉಳಿಯುತ್ತದೆ? ಅಂಗವನ್ನು ತೆಗೆದ ದೇಹಕ್ಕೆ ನಮ್ಮ ಸಂಪ್ರದಾಯದಂತೆ ಕ್ರಿಯಾಸಮಾಧಿ ಮಾಡಬಹುದೇ? ಅಂಥ ಹೊತ್ತು ಬಂದಾಗ ಮನೆಯವರು ಮಾಡಬೇಕಾದುದೇನು? ಈ ತಿಂಗಳು ಈ ಮೂರನ್ನೂ ಕ್ರಮವಾಗಿ ವಿಚಾರಿಸೋಣ.

ಮೊದಲನೆಯದು ಕಾಪಿಡುವ ಬಗೆ. ಬೆಂಕಿಕಡ್ಡಿಯೂ ದುಬಾರಿಯಾಗಿದ್ದ ಕಾಲದಲ್ಲಿ ನಮ್ಮ ತಾಯಂದಿರು ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದರು. ಬೂದಿಯೊಳಗಿನ ಕೆಂಡ ಆರುವುದಿಲ್ಲ, ಉರಿದು ಮುಗಿಯುವುದೂ ಇಲ್ಲ. ಬೆಳಗ್ಗೆ ಬೂದಿ ಸರಿಸಿ ಊದಿದರೆ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಅಂಗವನ್ನು ಕಾಪಿಡುವ ತತ್ತ್ವವೂ ಇದೇ. ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ರಕ್ತದಿಂದ ಆಮ್ಲಜನಕವನ್ನು ಪಡೆದು ಸದಾ ಉರಿಯುತ್ತಿರುವ ಕೆಂಡ. ರಕ್ತದ ಹರಿವು ನಿಂತಾಗ ಕೋಶವು ತನ್ನಲ್ಲಿರುವ ಅಲ್ಪ ಶಕ್ತಿಯನ್ನು ಕೆಲವೇ ಹೊತ್ತಿನಲ್ಲಿ ಖರ್ಚುಮಾಡಿಬಿಡುತ್ತದೆ. ಆ ಶಕ್ತಿಯಿಲ್ಲದೆ ಉಪ್ಪು ನೀರುಗಳನ್ನು ಒಳಹೊರಗೆ ಹದವಾಗಿಡುವ ಅದರ ವ್ಯವಸ್ಥೆ ನಿಲ್ಲುತ್ತದೆ. ಕೋಶವು ನೀರು ಕುಡಿದು ಊದಿಕೊಳ್ಳುತ್ತದೆ, ಕೊನೆಗೆ ಒಡೆಯುತ್ತದೆ. ಅಂಗವನ್ನು ತಂಪುಮಾಡಿದರೆ ಈ ಖರ್ಚು ಕುಗ್ಗುತ್ತದೆ. ಪ್ರತಿ ೧೦ ಡಿಗ್ರಿ ಶಾಖ ಇಳಿದಾಗಲೂ ಕೋಶದ ಉರಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ೩೭ ಡಿಗ್ರಿಯ ದೇಹದಿಂದ ತೆಗೆದ ಅಂಗವನ್ನು ೪ ಡಿಗ್ರಿಗೆ ತಂದರೆ ಅದರ ಖರ್ಚು ಮೊದಲಿನ ಸುಮಾರು ಹತ್ತನೆಯ ಒಂದು ಪಾಲಿಗೆ ಬರುತ್ತದೆ. ಇದೇ ಬೂದಿ ಮುಚ್ಚಿದ ಕೆಂಡ.

ಇಲ್ಲಿ ಒಂದು ಸಂದೇಹ ಸಹಜ. ತಂಪು ಒಳ್ಳೆಯದಾದರೆ ಮಂಜುಗಡ್ಡೆಯಂತೆ ಗಟ್ಟಿಯಾಗಿಸಿ ವರ್ಷಗಟ್ಟಲೆ ಇಡಬಾರದೇಕೆ? ನೀರು ಗಡ್ಡೆ ಕಟ್ಟುವಾಗ ಸೂಜಿಯಂಥ ಹರಳುಗಳಾಗುತ್ತವೆ. ಆ ಹರಳುಗಳು ಕೋಶಗಳ ಪೊರೆಯನ್ನು ಸೀಳಿಹಾಕುತ್ತವೆ. ಆದ್ದರಿಂದ ಅಂಗವು ತಂಪಾಗಿರಬೇಕು, ಹೆಪ್ಪುಗಟ್ಟಬಾರದು. ಅಂಗವನ್ನು ರಕ್ಷಕ ದ್ರಾವಣದಲ್ಲಿ ತೊಳೆದು, ಕ್ರಿಮಿರಹಿತವಾದ ಚೀಲಗಳಲ್ಲಿ ಒಂದರೊಳಗೊಂದಾಗಿ ಕಟ್ಟಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡುವುದು ಈ ಕಾರಣದಿಂದಲೇ. ಗಡ್ಡೆಯು ಅಂಗವನ್ನು ನೇರವಾಗಿ ಮುಟ್ಟದಂತೆ ನೋಡಿಕೊಳ್ಳುತ್ತಾರೆ.

ಈ ವಿದ್ಯೆ ಒಂದೇ ದಿನ ಬಂದುದಲ್ಲ. ೧೮೯೪ರಲ್ಲಿ ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಕಾರ್ನೋ ಅವರು ಲಿಯಾನ್ ನಗರದಲ್ಲಿ ಇರಿತಕ್ಕೊಳಗಾದರು. ತುಂಡಾದ ರಕ್ತನಾಳವನ್ನು ಹೊಲಿಯಬಲ್ಲವರಿಲ್ಲದೆ ಅವರು ತೀರಿಕೊಂಡರು. ಅಂದು ಅದೇ ಊರಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಅಲೆಕ್ಸಿಸ್ ಕ್ಯಾರೆಲ್ ಎಂಬಾತನು ಕಸೂತಿ ಹಾಕುವ ಹೆಣ್ಣುಮಗಳೊಬ್ಬಳಿಂದ ನವುರಾದ ಹೊಲಿಗೆ ಕಲಿತು, ರಕ್ತನಾಳಗಳನ್ನು ಸೋರದಂತೆ ಜೋಡಿಸುವ ಬಗೆಯನ್ನು ಸಾಧಿಸಿದನು. ಅದಕ್ಕಾಗಿ ೧೯೧೨ರಲ್ಲಿ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು. ದೊಡ್ಡ ವೈದ್ಯನೊಬ್ಬನ ವಿದ್ಯೆಯ ಬುಡದಲ್ಲಿ ಕಸೂತಿಯ ಕಾಯಕವಿದೆ ಎಂಬುದು ಕಾಯಕವನ್ನು ಗೌರವಿಸುವ ನಮಗೆ ನೆನಪಿಡತಕ್ಕ ಸಂಗತಿ. ೧೯೩೫ರಲ್ಲಿ ವಿಮಾನಯಾನದ ಸಾಹಸಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರೊಂದಿಗೆ ಸೇರಿ, ದೇಹದ ಹೊರಗೆ ಅಂಗಕ್ಕೆ ಪೋಷಕದ್ರವವನ್ನು ಹರಿಸುವ ಗಾಜಿನ ಪಂಪನ್ನೂ ಕ್ಯಾರೆಲ್ ರೂಪಿಸಿದನು.

೧೯೫೪ರ ಡಿಸೆಂಬರ್ ೨೩ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರು ಅವಳಿ ಸಹೋದರರ ನಡುವೆ ಮೂತ್ರಪಿಂಡವನ್ನು ಕಸಿ ಮಾಡಿದರು. ಕೊಡುವವನೂ ಪಡೆಯುವವನೂ ಒಂದೇ ಆಸ್ಪತ್ರೆಯಲ್ಲಿದ್ದುದರಿಂದ ಅಂಗವನ್ನು ಬಹುಹೊತ್ತು ಕಾಪಿಡುವ ಪ್ರಶ್ನೆ ಅಲ್ಲಿ ಏಳಲಿಲ್ಲ. ಮೃತರಿಂದ ಅಂಗವನ್ನು ಪಡೆಯುವ ಕಾಲ ಬಂದಾಗ ದಾನಿ ಒಂದೂರಿನಲ್ಲಿ, ರೋಗಿ ಇನ್ನೊಂದೂರಿನಲ್ಲಿ ಎಂಬ ತೊಡಕು ಎದುರಾಯಿತು. ೧೯೬೭ರಲ್ಲಿ ಡಾ. ಫೋಲ್ಕರ್ಟ್ ಬೆಲ್ಜರ್ ಅವರು ಮೂತ್ರಪಿಂಡಕ್ಕೆ ತಂಪಾದ ದ್ರವವನ್ನು ಯಂತ್ರದಿಂದ ಹರಿಸಿ ಕಾಪಿಡುವುದನ್ನು ಸಾಧಿಸಿದರು. ೧೯೬೯ರಲ್ಲಿ ಜೆಫ್ರಿ ಕಾಲಿನ್ಸ್ ಅವರು, ಯಂತ್ರವಿಲ್ಲದೆ ಸರಿಯಾದ ಲವಣದ್ರಾವಣ ಮತ್ತು ಮಂಜುಗಡ್ಡೆಗಳಿಂದಲೇ ಮೂತ್ರಪಿಂಡವನ್ನು ಒಂದು ದಿನಕ್ಕೂ ಮಿಕ್ಕಿ ಇಡಬಹುದೆಂದು ತೋರಿಸಿದರು. ೧೯೮೦ರ ದಶಕದಲ್ಲಿ ಬೆಲ್ಜರ್ ಮತ್ತು ಸದರ್ಡ್ ಅವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಿದ್ಧಪಡಿಸಿದ ದ್ರಾವಣವು ಕೋಶಗಳ ಊತವನ್ನು ತಡೆದು, ಯಕೃತ್ತನ್ನೂ ದೂರದ ಊರಿಗೆ ಒಯ್ಯುವಷ್ಟು ಹೊತ್ತು ಉಳಿಸಿತು.

ಇಷ್ಟಾದರೂ ಗಡುವು ಗಡುವೇ. ತಂಪಿನಲ್ಲಿಟ್ಟ ಹೃದಯ ಮತ್ತು ಶ್ವಾಸಕೋಶಗಳಿಗೆ ೪ರಿಂದ ೬ ಗಂಟೆ, ಯಕೃತ್ತಿಗೆ ಸುಮಾರು ೧೨ ಗಂಟೆ, ಮೂತ್ರಪಿಂಡಕ್ಕೆ ೨೪ರಿಂದ ೩೬ ಗಂಟೆ. ಬೆಂಗಳೂರಿನ ರಸ್ತೆಗಳಲ್ಲಿ ಆಗಾಗ ವಾಹನಗಳನ್ನು ತಡೆದು ಆಂಬುಲೆನ್ಸಿಗೆ 'ಹಸಿರು ಪಥ' ತೆರೆಯುವುದನ್ನು ವಾಚಕರು ಕೇಳಿದ್ದೀರಿ. ೨೦೧೪ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದಾನಿಯೊಬ್ಬರ ಹೃದಯವು ಹೀಗೆಯೇ ವಿಮಾನ ನಿಲ್ದಾಣ ಸೇರಿ, ಅಲ್ಲಿಂದ ಚೆನ್ನೈಗೆ ಹೋಗಿ ಮತ್ತೊಬ್ಬರ ಎದೆಯಲ್ಲಿ ಮಿಡಿಯಿತು. ಅಂದು ರಸ್ತೆಬದಿಯಲ್ಲಿ ಕಾದು ನಿಂತ ಜನರೂ ತಮಗರಿವಿಲ್ಲದೆ ಆ ದಾಸೋಹದಲ್ಲಿ ಪಾಲುಗೊಂಡರು.

ಈಗ ಗಡುವನ್ನು ಹಿಗ್ಗಿಸುವ ಹೊಸ ಯತ್ನಗಳೂ ನಡೆದಿವೆ. ತಂಪಿಗೆ ಬದಲಾಗಿ, ದೇಹದ ಶಾಖದಲ್ಲಿಯೇ ರಕ್ತವನ್ನು ಹರಿಸುತ್ತ ಯಕೃತ್ತನ್ನು ಯಂತ್ರದೊಳಗೆ ಜೀವಂತವಾಗಿಡುವ ಪದ್ಧತಿಯನ್ನು ಆಕ್ಸ್‌ಫರ್ಡಿನ ತಜ್ಞರು ಬೆಳೆಸಿದರು. ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದ ಫಲಿತಾಂಶವು ೨೦೧೮ರಲ್ಲಿ ಪ್ರಕಟವಾಯಿತು. ಕೆಟ್ಟಿದೆಯೆಂದು ಬಿಸುಡುತ್ತಿದ್ದ ಯಕೃತ್ತುಗಳ ಸಂಖ್ಯೆ ಅರ್ಧಕ್ಕೆ ಇಳಿದುದು ಅದರಿಂದ ಕಂಡುಬಂದಿತು. ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ೨೦೨೧ರಲ್ಲಿ, ಮೂರು ದಿನ ಯಂತ್ರದಲ್ಲಿಟ್ಟು ಉಪಚರಿಸಿದ ಯಕೃತ್ತನ್ನು ರೋಗಿಯೊಬ್ಬನಿಗೆ ಜೋಡಿಸಿದರು. ೨೦೨೩ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇಲಿಯ ಮೂತ್ರಪಿಂಡವನ್ನು ಹರಳುಗಟ್ಟದ ಗಾಜಿನಂಥ ಸ್ಥಿತಿಗೆ ತಂದು, ೧೦೦ ದಿನಗಳವರೆಗೆ ಅತಿಶೀತದಲ್ಲಿಟ್ಟು, ಮತ್ತೆ ಬೆಚ್ಚಗಾಗಿಸಿ ಕಸಿ ಮಾಡಿದುದನ್ನು ಪ್ರಕಟಿಸಿದರು. ಇದು ಇಲಿಯಲ್ಲಿ ಕಂಡ ಸಿದ್ಧಿ. ಮನುಷ್ಯರ ಇಡೀ ಅಂಗಗಳ ಮಟ್ಟಿಗೆ ಇದನ್ನು ಇಂದೇ ಕೈಗೂಡಿದುದೆಂದು ತಿಳಿಯಬಾರದು.

ಎಲ್ಲ ಅವಯವಗಳ ಗಡುವೂ ಇಷ್ಟು ಬಿಗಿಯಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲಕ್ಕೆ ರಕ್ತನಾಳಗಳೇ ಇಲ್ಲ. ಅದು ತನಗೆ ಬೇಕಾದ ಆಮ್ಲಜನಕವನ್ನು ಬಹುಮಟ್ಟಿಗೆ ಗಾಳಿಯಿಂದಲೇ ಪಡೆಯುತ್ತದೆ. ಹೀಗಾಗಿ ಮರಣಾನಂತರ ೬ ಗಂಟೆಗಳೊಳಗೆ ತೆಗೆದು ತಕ್ಕ ದ್ರಾವಣದಲ್ಲಿಟ್ಟರೆ ೪ ಡಿಗ್ರಿಯ ತಂಪಿನಲ್ಲಿ ಎರಡು ವಾರಗಳವರೆಗೂ ಉಳಿಯಬಲ್ಲುದು. ೧೯೦೫ರ ಡಿಸೆಂಬರ್ ೭ರಂದು ಇಂದಿನ ಚೆಕ್ ದೇಶದ ಓಲೊಮೋತ್ಸ್ ನಗರದಲ್ಲಿ ಡಾ. ಎಡ್ವರ್ಡ್ ಜಿರ್ಮ್ ಅವರು ಈ ಪಟಲವನ್ನು ಮೊದಲಬಾರಿಗೆ ಯಶಸ್ವಿಯಾಗಿ ಕಸಿ ಮಾಡಿ ಕೂಲಿಕಾರನೊಬ್ಬನಿಗೆ ದೃಷ್ಟಿ ಕೊಟ್ಟರು. ಚರ್ಮವನ್ನು ಗ್ಲಿಸರಿನ್‌ನಂಥ ದ್ರವದಲ್ಲಿ ತಂಪಾಗಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಸುಟ್ಟಗಾಯದವರಿಗೆ ಅದೇ ಸಂಜೀವಿನಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅಂಥ ಚರ್ಮ ಬ್ಯಾಂಕು ಇದೆ. ಮೂಳೆ ಮತ್ತು ಹೃದಯದ ಕವಾಟಗಳನ್ನಂತೂ ಅತಿಶೀತದಲ್ಲಿ ದೀರ್ಘಕಾಲ ಇಡುತ್ತಾರೆ.

ಇನ್ನು ಕೈಕಾಲುಗಳ ಮಾತು. ಇದನ್ನು ಒಕ್ಕಲುತನದ ನಮ್ಮ ಕುಟುಂಬಗಳು ವಿಶೇಷವಾಗಿ ಗಮನಿಸಬೇಕು. ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣ, ರಾಶಿ ಮಾಡುವ ಯಂತ್ರಗಳಿಗೆ ಸಿಕ್ಕಿ ಬೆರಳೋ ಕೈಯೋ ತುಂಡಾಗುವುದು ಹಳ್ಳಿಗಳಲ್ಲಿ ಅಪರೂಪವಲ್ಲ. ೧೯೬೨ರ ಮೇ ೨೩ರಂದು ಬಾಸ್ಟನ್ನಿನಲ್ಲಿ ೧೨ ವರ್ಷದ ಬಾಲಕನ ತುಂಡಾದ ತೋಳನ್ನು ಡಾ. ರೊನಾಲ್ಡ್ ಮಾಲ್ಟ್ ಮತ್ತು ಸಂಗಡಿಗರು ಮರಳಿ ಜೋಡಿಸಿದಂದಿನಿಂದ ಈ ಚಿಕಿತ್ಸೆ ಬೆಳೆದುಬಂದಿದೆ. ಇಲ್ಲಿಯೂ ಎಲ್ಲವೂ ನಿಂತಿರುವುದು ಮನೆಯವರು ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡುತ್ತಾರೆಂಬುದರ ಮೇಲೆ. ಗಾಯದ ಮೇಲೆ ಶುಚಿಯಾದ ಬಟ್ಟೆಯಿಟ್ಟು ಒತ್ತಿ ಹಿಡಿದು ರಕ್ತವನ್ನು ತಡೆಯಬೇಕು. ತುಂಡಾದ ಭಾಗವನ್ನು ಶುದ್ಧ ನೀರಿನಲ್ಲಿ ಮೆಲ್ಲನೆ ತೊಳೆದು, ಹಿಂಡಿದ ಒದ್ದೆಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನೀರು ನುಗ್ಗದಂತೆ ಬಾಯಿ ಕಟ್ಟಬೇಕು. ಆ ಚೀಲವನ್ನು ಮಂಜುಗಡ್ಡೆ ಮತ್ತು ನೀರು ಬೆರೆಸಿದ ಇನ್ನೊಂದು ಪಾತ್ರೆಯಲ್ಲಿಟ್ಟು ರೋಗಿಯ ಜೊತೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು. ಗಡ್ಡೆಯ ಮೇಲೆ ನೇರವಾಗಿ ಇಡಬಾರದು, ನೀರಿನಲ್ಲಿ ಮುಳುಗಿಸಿಡಬಾರದು. ಅರಿಸಿನ, ಸುಣ್ಣ, ಸ್ಪಿರಿಟ್ ಯಾವುದನ್ನೂ ಹಚ್ಚಬಾರದು. ಮಾಂಸಖಂಡವಿಲ್ಲದ ಬೆರಳು ಹೆಚ್ಚು ಹೊತ್ತು ತಾಳುತ್ತದೆ. ಮಾಂಸಖಂಡವಿರುವ ಕೈ ತಂಪಿಲ್ಲದೆ ೬ ಗಂಟೆ ಕಳೆದರೆ ಜೋಡಿಸಿದರೂ ಬದುಕುವುದು ಕಷ್ಟ.

ತನ್ನ ಕೈಯನ್ನು ತನಗೇ ಜೋಡಿಸುವುದು ಒಂದು ಬಗೆ; ದಾನಿಯ ಕೈಯನ್ನು ಇನ್ನೊಬ್ಬರಿಗೆ ಜೋಡಿಸುವುದು ಮತ್ತೊಂದು. ಎರಡನೆಯದು ೧೯೯೮ರ ಸೆಪ್ಟೆಂಬರಿನಲ್ಲಿ ಲಿಯಾನ್ ನಗರದಲ್ಲಿ ಡಾ. ಝಾನ್ ಮಿಷೆಲ್ ದ್ಯುಬೆರ್ನಾರ್ ಅವರ ತಂಡದಿಂದ ನೆರವೇರಿತು. ಆದರೆ ಪಡೆದವನು ಪರಕೀಯ ಅಂಗವನ್ನು ದೇಹ ತಿರಸ್ಕರಿಸದಂತೆ ಕಾಯುವ ಔಷಧಿಗಳನ್ನು ನಿಯಮದಂತೆ ಸೇವಿಸಲಿಲ್ಲ. ೨೦೦೧ರಲ್ಲಿ ಆ ಕೈಯನ್ನು ತೆಗೆಯಬೇಕಾಯಿತು. ಕಾಪಿಡುವ ಹೊಣೆ ಮಂಜಿನ ಪೆಟ್ಟಿಗೆಯಲ್ಲಿ ಮುಗಿಯುವುದಿಲ್ಲ, ಪಡೆದವನ ಬಾಳಿನುದ್ದಕ್ಕೂ ಇರುತ್ತದೆ ಎಂಬುದಕ್ಕೆ ಇದೇ ದೃಷ್ಟಾಂತ. ಭಾರತದಲ್ಲಿ ಮೊದಲ ಕೈ ಕಸಿ ೨೦೧೫ರ ಜನವರಿಯಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಡಾ. ಸುಬ್ರಮಣ್ಯ ಅಯ್ಯರ್ ಅವರ ನೇತೃತ್ವದಲ್ಲಿ ಆಯಿತು. ೨೦೧೭ರಲ್ಲಿ ಅದೇ ಆಸ್ಪತ್ರೆಯಲ್ಲಿ, ಬಸ್ ಅಪಘಾತದಲ್ಲಿ ಎರಡೂ ಕೈಗಳನ್ನು ಕಳೆದುಕೊಂಡಿದ್ದ, ಮಣಿಪಾಲದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ತರುಣನೊಬ್ಬನ ಕೈಗಳನ್ನು ಜೋಡಿಸಿದರು. ಮುಂದೆ ಅವಳು ಆ ಕೈಗಳಿಂದಲೇ ಪರೀಕ್ಷೆ ಬರೆದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದವರು ನಮ್ಮಲ್ಲಿ ಹಲವರಿದ್ದಾರೆ.

ಹೃದಯ, ಯಕೃತ್ತು, ಮೂತ್ರಪಿಂಡ, ಕೈ ಇವುಗಳ ದಾನವು ಸಾಮಾನ್ಯವಾಗಿ ಮಿದುಳು ಸತ್ತು, ಯಂತ್ರದ ಸಹಾಯದಿಂದ ಉಸಿರಾಟ ನಡೆಯುತ್ತಿರುವ ರೋಗಿಯಿಂದ ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ. ಇಲ್ಲಿಯೇ ಕುಟುಂಬದ ಸಂಕಟ ದೊಡ್ಡದು. ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ. ಇವನನ್ನು ಸತ್ತವನೆನ್ನುವುದು ಹೇಗೆ ಎಂದು ಹೆತ್ತ ಕರುಳು ಕೇಳುತ್ತದೆ. ಆ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ತರವಲ್ಲ. ಕೋಮಾ ಎಂಬ ಸ್ಥಿತಿಯಲ್ಲಿ ಮಿದುಳು ಜೀವಂತವಿದ್ದು ಎಚ್ಚರ ತಪ್ಪಿರುತ್ತದೆ, ಮರಳುವ ಆಸೆಗೂ ಎಡೆಯಿರುತ್ತದೆ. ಮಿದುಳು ಸತ್ತಾಗ ಉಸಿರನ್ನು ಆಳುವ ಕೇಂದ್ರವೇ ಅಳಿದಿರುತ್ತದೆ. ಯಂತ್ರ ನಿಂತರೆ ಉಸಿರೂ ನಿಲ್ಲುತ್ತದೆ, ಯಂತ್ರವಿದ್ದರೂ ಹೃದಯ ಬಹುಕಾಲ ಉಳಿಯದು. ೧೯೯೪ರ ಮಾನವ ಅಂಗಾಂಗ ಕಸಿ ಕಾಯಿದೆಯು ಈ ಮರಣವನ್ನು ಮಾನ್ಯಮಾಡಿತು. ನಾಲ್ವರು ವೈದ್ಯರ ಮಂಡಲಿಯು ಪರೀಕ್ಷಿಸಿ, ಕನಿಷ್ಠ ೬ ಗಂಟೆಗಳ ಅಂತರದಲ್ಲಿ ಮತ್ತೊಮ್ಮೆ ಪರೀಕ್ಷಿಸಿ ದೃಢಪಡಿಸಿದ ಮೇಲೆಯೇ ಮುಂದಿನ ಮಾತು. ಅದೇ ವರ್ಷದ ಆಗಸ್ಟ್ ೩ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ಅವರು ಹೃದಯ ಕಸಿಯನ್ನು ಯಶಸ್ವಿಯಾಗಿ ನಡೆಸಿದರು. ೨೦೧೧ರ ತಿದ್ದುಪಡಿಯು ಅಂಗಗಳನ್ನು ಮಾರುವ ಕೊಳ್ಳುವ ದಂಧೆಗೆ ೫ರಿಂದ ೧೦ ವರ್ಷಗಳ ಸೆರೆವಾಸವನ್ನೂ ೨೦ ಲಕ್ಷದಿಂದ ಒಂದು ಕೋಟಿ ರೂಪಾಯಿಗಳ ದಂಡವನ್ನೂ ವಿಧಿಸಿತು. ದಾನಿಯ ದೇಹವನ್ನು ಕಾಪಿಡುವ, ಅಂಗವನ್ನು ತೆಗೆಯುವ, ಸಾಗಿಸುವ ವೆಚ್ಚವು ದಾನಿಯ ಕುಟುಂಬದ ಮೇಲೆ ಬೀಳಬಾರದೆಂದು ೨೦೧೪ರ ನಿಯಮಗಳು ಹೇಳುತ್ತವೆ. ನಮ್ಮ ರಾಜ್ಯದಲ್ಲಿ ಈ ಕಾರ್ಯವನ್ನು ಹೊಂದಿಸುವ ಸರಕಾರದ ಸಂಸ್ಥೆಯ ಹೆಸರು 'ಜೀವಸಾರ್ಥಕತೆ' ಎಂದು. ೨೦೨೧ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ದಾನಮಾಡಿದುದು ಕನ್ನಡಿಗರೆಲ್ಲರಿಗೂ ನೆನಪಿದೆ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಲಿಂಗೈಕ್ಯರಾದವರನ್ನು ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲಿ ವಿಮಾನದಲ್ಲಿರಿಸಿ ಮೆರವಣಿಗೆಯಲ್ಲಿ ಒಯ್ಯುತ್ತೇವೆ. ಮುಖವು ಎಲ್ಲರ ಕಣ್ಣೆದುರಿಗಿರುತ್ತದೆ. ಎಡಗೈಯ ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ ಸಮಾಧಿಗೆ ಇಳಿಸುತ್ತೇವೆ. ಆದ್ದರಿಂದ ಮುಖ ವಿಕಾರವಾದೀತೇ, ಕೈಯೇ ಇಲ್ಲದಿದ್ದರೆ ಇಷ್ಟಲಿಂಗಕ್ಕೆ ಕರಸ್ಥಲವೆಲ್ಲಿ ಎಂಬ ಆತಂಕ ನಮ್ಮ ಮನೆಗಳಲ್ಲಿ ಏಳುವುದು ಸಹಜವೇ.

ಮುಖದ ಸಂದೇಹಕ್ಕೆ ಉತ್ತರ ಸುಲಭ. ನೇತ್ರವನ್ನು ಪಡೆಯುವ ಕಾರ್ಯ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ರೆಪ್ಪೆಗಳನ್ನು ಮುಚ್ಚಿದ ಮೇಲೆ ನಿದ್ರಿಸಿದಂತೆಯೇ ಮುಖ ಕಾಣುತ್ತದೆ. ಹೊಟ್ಟೆ ಎದೆಗಳೊಳಗಿನ ಅಂಗಗಳನ್ನು ತೆಗೆದಾಗ ಶಸ್ತ್ರಚಿಕಿತ್ಸೆಯಾದವರಿಗೆ ಹಾಕುವಂತೆಯೇ ಹೊಲಿಗೆ ಹಾಕುತ್ತಾರೆ. ವಸ್ತ್ರ ಹೊದಿಸಿದರೆ ಏನೂ ತೋರದು. ಕುಳಿತ ಭಂಗಿಗೂ ಅಡ್ಡಿಯಿಲ್ಲ. ಕೈಗಳನ್ನು ಕೊಟ್ಟ ದೇಹಕ್ಕೆ ಕೃತಕ ಕೈಗಳನ್ನು ಜೋಡಿಸಿ ಮನೆಯವರಿಗೆ ಒಪ್ಪಿಸುವ ಪದ್ಧತಿಯಿದೆ.

ಕರಸ್ಥಲದ ಸಂದೇಹ ಇದಕ್ಕಿಂತ ಆಳವಾದುದು. ಅದನ್ನು ನಾವು ಹೀಗೆ ವಿಚಾರಿಸುತ್ತೇವೆ. ಭಕ್ತನೊಬ್ಬನು ಗಾಣಕ್ಕೆ ಸಿಕ್ಕಿ ಎಡಗೈಯನ್ನು ಕಳೆದುಕೊಂಡನೆನ್ನಿ. ಅಂದಿನಿಂದ ಅವನು ಲಿಂಗಪೂಜೆಗೆ ಅನರ್ಹನಾದನೆಂದು ಯಾವ ಗುರುವೂ ಹೇಳಲಾರನು. ಬಲಗೈಯಲ್ಲಿ ಹಿಡಿದು ಪೂಜಿಸೆನ್ನುತ್ತಾನೆ. ಎರಡೂ ಇಲ್ಲದಿದ್ದರೆ ಎದೆಯ ಮೇಲೆ ಧರಿಸಿ ಭಾವದಲ್ಲಿ ಪೂಜಿಸೆನ್ನುತ್ತಾನೆ. ಜೀವಂತನಾದ ಅಂಗವಿಕಲನಿಗೆ ಒಪ್ಪುವ ನ್ಯಾಯವು, ಪರರಿಗಾಗಿ ಅಂಗವನ್ನು ನೀಡಿ ಲಿಂಗೈಕ್ಯನಾದವನಿಗೆ ಒಪ್ಪದೆಂದರೆ ಯುಕ್ತಿಯಲ್ಲ. ಇಷ್ಟಲಿಂಗವನ್ನು ಆತನ ಎದೆಯ ಮೇಲಿರಿಸಿದರೂ ಕ್ರಿಯೆ ಪೂರ್ಣವೇ ಎಂಬುದು ನಮ್ಮ ಅಭಿಪ್ರಾಯ. ಆದರೆ ಕಣ್ಣು ಕೊಡಲು ಒಪ್ಪಿ, ಕೈ ಕೊಡಲು ಮನಸ್ಸಾಗದ ಕುಟುಂಬವನ್ನು ಯಾರೂ ಕೀಳಾಗಿ ಕಾಣಬಾರದು. ಒತ್ತಾಯದಿಂದ ಪಡೆದುದು ದಾಸೋಹವಾಗದು. ಏನನ್ನು ಕೊಡಬೇಕು, ಎಷ್ಟನ್ನು ಕೊಡಬೇಕು ಎಂಬುದನ್ನು ಆಯಾ ಮನೆಯವರೇ ತೀರ್ಮಾನಿಸಬೇಕು.

ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿ ನಾವು ಕಂಡ ಸಂಗತಿಯನ್ನು ಇಲ್ಲಿ ಹೇಳಬೇಕು. ನಿವೃತ್ತ ಶಾಲಾ ಶಿಕ್ಷಕರೊಬ್ಬರು ಲಿಂಗೈಕ್ಯರಾಗಿದ್ದರು. ನೇತ್ರದಾನದ ಪ್ರತಿಜ್ಞಾಪತ್ರಕ್ಕೆ ಅವರು ಸಹಿ ಹಾಕಿದ್ದರು. ಹಿರಿಯ ಮಗ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದನು. ಬಂಧುಗಳಲ್ಲಿ ಅರ್ಧ ಜನ ಬೇಡವೆನ್ನುತ್ತಿದ್ದರು. ಪತ್ರವಿದ್ದರೂ ಮನೆಯವರ ಒಪ್ಪಿಗೆಯಿಲ್ಲದೆ ಆಸ್ಪತ್ರೆಯವರು ಮುಂದುವರಿಯುವುದಿಲ್ಲ. ಮೂರು ಗಂಟೆ ಹೀಗೆಯೇ ಕಳೆಯಿತು. ಕೊನೆಗೆ ಅವರ ಮಡದಿ, ಎಪ್ಪತ್ತು ದಾಟಿದ ತಾಯಿ, ನಮ್ಮತ್ತ ತಿರುಗಿ, "ಶಾಸ್ತ್ರಿಗಳರೀ, ಕಣ್ಣ ಕೊಟ್ಟು ಕಳಿಸಿದರ ಅವರು ಶಿವನ್ನ ಹೆಂಗ ನೋಡ್ಯಾರು?" ಎಂದು ಕೇಳಿದರು. ಕೂಡಿದ ಜನರೆಲ್ಲ ಸುಮ್ಮನಾದರು. "ತಾಯೀ, ಶಿವನಿಗೆ ಕಣ್ಣನ್ನೇ ಕಿತ್ತುಕೊಟ್ಟ ಕಣ್ಣಪ್ಪನಿಗೆ ಶಿವ ಕಾಣದೆ ಹೋದನೇ?" ಎಂದೆವು. ಆಕೆ ಉತ್ತರ ಕೊಡಲಿಲ್ಲ. ಬಹಳ ಹೊತ್ತು ಗಂಡನ ಮುಖವನ್ನೇ ನೋಡುತ್ತ ಕುಳಿತರು. ಆಮೇಲೆ ಮಗನಿಗೆ, "ಅವರ ಮಾತು ಅವರು ಕೊಟ್ಟಾರ. ನಾ ಯಾಕ ಮುರೀಲಿ? ಫೋನ್ ಮಾಡಪಾ" ಎಂದರು. ವೈದ್ಯರು ಬಂದಾಗ ಗಡುವಿಗೆ ಇನ್ನೊಂದು ಗಂಟೆಯೂ ಉಳಿದಿರಲಿಲ್ಲ. ಆ ತಾಯಿಯ ಪ್ರಶ್ನೆ ಮೌಢ್ಯದ್ದಲ್ಲ, ಪ್ರೇಮದ್ದು. ಮರಣದ ಗಳಿಗೆಗಿಂತ ಮುಂಚೆಯೇ ಪತಿಪತ್ನಿಯರು ಕುಳಿತು ಇದನ್ನು ಮಾತಾಡಿದ್ದರೆ ಆ ಮೂರು ಗಂಟೆಗಳ ಒದ್ದಾಟ ಆಕೆಗೆ ಇರುತ್ತಿರಲಿಲ್ಲ.

ಕಣ್ಣಪ್ಪನ ಹೆಸರು ಬಂದುದರಿಂದ ಇನ್ನೊಂದು ನೆನಪು. ೧೯೫೪ರಲ್ಲಿ ತೆರೆಕಂಡ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ಆ ಭಕ್ತನ ಪಾತ್ರವನ್ನು ವಹಿಸಿದ ಡಾ. ರಾಜ್‌ಕುಮಾರ್ ಅವರು ೨೦೦೬ರ ಏಪ್ರಿಲ್ ೧೨ರಂದು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ೨೦೨೧ರ ಅಕ್ಟೋಬರ್ ೨೯ರಂದು ಅವರ ಕಿರಿಯ ಪುತ್ರ ಪುನೀತ್ ರಾಜ್‌ಕುಮಾರ್ ಅಕಾಲದಲ್ಲಿ ಅಗಲಿದಾಗ ಅವರ ಕಣ್ಣುಗಳೂ ದಾನವಾದವು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಪಟಲವನ್ನೂ ಮುಂಪದರ ಹಿಂಪದರಗಳಾಗಿ ಬಿಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಆ ಬಳಿಕ ನಾಡಿನಲ್ಲಿ ನೇತ್ರದಾನಕ್ಕೆ ಹೆಸರು ನೋಂದಾಯಿಸಿದವರ ಸಂಖ್ಯೆ ಒಮ್ಮೆಲೇ ಏರಿತು. ಹತ್ತು ಉಪನ್ಯಾಸಗಳು ಮಾಡಲಾಗದ ಕೆಲಸವನ್ನು ಒಂದು ಮನೆತನದ ನಡೆ ಮಾಡಿತು.

ಮೂರನೆಯ ಪ್ರಶ್ನೆ, ಮನೆಯವರ ಕರ್ತವ್ಯ. ಮನೆಯಲ್ಲಿ ಮರಣ ಸಂಭವಿಸಿದಾಗ ಕೊಡಬಹುದಾದುದು ಮುಖ್ಯವಾಗಿ ಕಣ್ಣು ಮತ್ತು ಚರ್ಮ. ಕೂಡಲೇ ಹತ್ತಿರದ ನೇತ್ರ ಬ್ಯಾಂಕಿಗೆ ತಿಳಿಸಬೇಕು. ಅವರೇ ಮನೆಗೆ ಬರುತ್ತಾರೆ, ದೇಹವನ್ನು ಎಲ್ಲಿಗೂ ಒಯ್ಯಬೇಕಾಗಿಲ್ಲ. ಅವರು ಬರುವವರೆಗೆ ಕಾಪಿಡುವ ಹೊಣೆ ಮನೆಯವರದು. ಮೃತರ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯನ್ನಿಡಬೇಕು. ತಲೆಯ ಕೆಳಗೆ ದಿಂಬಿಟ್ಟು ಸ್ವಲ್ಪ ಎತ್ತರಿಸಬೇಕು. ಫ್ಯಾನನ್ನು ನಿಲ್ಲಿಸಬೇಕು, ಏಕೆಂದರೆ ಗಾಳಿಗೆ ಪಟಲ ಒಣಗುತ್ತದೆ. ದೂರದ ಬಂಧುಗಳು ಬರುವವರೆಗೆ ದೇಹವನ್ನು ಇರಿಸುವುದು ನಮ್ಮ ರೂಢಿ. ಆದರೆ ಕಣ್ಣಿನ ನಿರ್ಧಾರಕ್ಕೆ ಬಂಧುಗಳಿಗಾಗಿ ಕಾಯಲಾಗದು. ಕನ್ನಡಕ ಧರಿಸುತ್ತಿದ್ದವರು, ಪೊರೆಯ ಶಸ್ತ್ರಚಿಕಿತ್ಸೆಯಾದವರು, ಸಕ್ಕರೆ ಕಾಯಿಲೆಯವರು, ವಯೋವೃದ್ಧರು ಎಲ್ಲರೂ ಕಣ್ಣು ಕೊಡಬಹುದು. ಏಡ್ಸ್, ಹುಚ್ಚುನಾಯಿ ರೋಗ, ಕಾಮಾಲೆಯ ಸೋಂಕು, ರಕ್ತದ ಕ್ಯಾನ್ಸರ್, ರಕ್ತದ ನಂಜು ಇದ್ದವರಿಂದ ಪಡೆಯುವುದಿಲ್ಲ. ವೈದ್ಯರು ಪರೀಕ್ಷೆಗಾಗಿ ಸ್ವಲ್ಪ ರಕ್ತವನ್ನೂ ತೆಗೆದುಕೊಳ್ಳುತ್ತಾರೆ, ಅದಕ್ಕೆ ಗಾಬರಿಪಡಬೇಕಾಗಿಲ್ಲ.

ಆಸ್ಪತ್ರೆಯಲ್ಲಿ ಮಿದುಳು ಸತ್ತುದು ದೃಢವಾದಾಗ ಅಲ್ಲಿಯ ಸಂಯೋಜಕರು ಮನೆಯವರನ್ನು ಕಂಡು ಮಾತಾಡುತ್ತಾರೆ. ಅವರನ್ನು ಎಷ್ಟು ಬೇಕಾದರೂ ಪ್ರಶ್ನಿಸುವ ಹಕ್ಕು ನಿಮಗಿದೆ. ಬೇಡವೆನ್ನುವ ಹಕ್ಕೂ ಇದೆ. ಅಪಘಾತದ ಪ್ರಕರಣವಾದರೆ ಪೊಲೀಸರ ವಿಧಿಗಳೂ ಇರುವುದರಿಂದ ದೇಹ ಕೈಗೆ ಬರಲು ಕೆಲವು ತಾಸು ತಡವಾಗಬಹುದು. ಸಮಾಧಿಯ ಹೊತ್ತನ್ನು ಗೊತ್ತುಮಾಡುವಾಗ ಅದನ್ನು ಗಮನಿಸಿದರೆ ಸಾಕು.

ಕೊನೆಯದಾಗಿ ಒಂದು ಮಾತು. ದಾನಕ್ಕೂ ದಾಸೋಹಕ್ಕೂ ನಮ್ಮ ಹಿರಿಯರು ಅಂತರವೆಣಿಸಿದ್ದಾರೆ. ಕೊಟ್ಟೆನೆಂಬ ಅಹಂಭಾವ ದಾನದಲ್ಲಿ ಸುಳಿಯಬಹುದು. ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ. ಮೃತರ ಅಂಗದಾನದಲ್ಲಿ ಕೊಟ್ಟವರ ಹೆಸರು ಪಡೆದವರಿಗೂ ಪಡೆದವರ ಹೆಸರು ಕೊಟ್ಟವರಿಗೂ ತಿಳಿಸದಿರುವುದು ಪದ್ಧತಿ. ಯಾವ ಜಾತಿ, ಯಾವ ಮತ, ಬಡವನೋ ಬಲ್ಲಿದನೋ ಎಂಬುದನ್ನು ಕೇಳದೆ ಅಂಗವು ಪಟ್ಟಿಯ ಸರದಿಯಂತೆ, ರಕ್ತದ ಹೊಂದಿಕೆಯಂತೆ, ರೋಗಿಯ ಅಗತ್ಯದಂತೆ ಸಲ್ಲುತ್ತದೆ. ಕೊಟ್ಟವನು ಹೊಗಳಿಕೆಯನ್ನು ಕೇಳಲು ಇರುವುದಿಲ್ಲ. ದಾಸೋಹದ ಲಕ್ಷಣಗಳು ಇದಕ್ಕಿಂತ ಪೂರ್ಣವಾಗಿ ಬೇರೆಲ್ಲಿ ಕೂಡಿಬಂದಾವು?

ಆದ್ದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಸೋಮವಾರ ಪೂಜೆ ಪ್ರಸಾದಗಳಾದ ಮೇಲೆ ಮನೆಮಂದಿಯೆಲ್ಲ ಒಂದೆಡೆ ಕುಳಿತಾಗ ಈ ವಿಷಯವನ್ನು ಎತ್ತಿರಿ. ಹಿರಿಯರು ತಮ್ಮ ಇಚ್ಛೆ ಏನೆಂದು ಬಾಯಿಬಿಟ್ಟು ಹೇಳಲಿ. ಕಿರಿಯರು ಅದನ್ನು ಅಪಶಕುನವೆನ್ನದೆ ಕೇಳಿಕೊಳ್ಳಲಿ. ಹತ್ತಿರದ ನೇತ್ರ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಪಂಚಾಂಗದ ಮೊದಲ ಪುಟದಲ್ಲಿ ಬರೆದಿಡಿ. ಕೊಡುವುದೋ ಬಿಡುವುದೋ ಎಂಬುದನ್ನು ಶಾಂತವಾಗಿರುವಾಗ ನಿರ್ಧರಿಸಿರಿ, ದುಃಖದ ಗಳಿಗೆಗೆ ಅದನ್ನು ಬಿಡಬೇಡಿರಿ.